ಬೋನಾಳದಲ್ಲಿ ನಾನು ತೊಳೆಯದ ತಾಟು

ಉಂಡ ತಾಟನ್ನು ತೊಳೆಯಲು ಎತ್ತಿಕೊಂಡು ಎದ್ದೆ. ಆ ಮನೆಯಾಕೆ ಓಡಿ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಕೊಡ್ರಿ ಇತ್ಲಾಗ! ಕೆರಿ ನೋಡಾಕ ಬಂದೀರೋ, ನನ್ನ ತಾಟು ತೊಳ್ಯಾಕ ಬಂದೀರೋ?"

ಬೋನಾಳ ಕೆರೆಯ ಹಕ್ಕಿ ನೋಡಲು ನಾನು, ಮೊಮ್ಮಗಳು ಹೋಗಿದ್ದೆವು. ಸುರಪುರದ ಲಾಡ್ಜಿನಲ್ಲಿ ಇಳಿದರೆ ಯಾರೂ ಜಾತಿ ಕೇಳುವುದಿಲ್ಲ ಎಂದು ಅವಳ ಹಟ. ಕೆರೆಯ ದಂಡೆಗೇ ಇರಬೇಕು, ಬಿಸಿ ರೊಟ್ಟಿ ಉಣ್ಣಬೇಕು ಎಂದು ನನ್ನ ಹಟ. ಕುರಿ ಸಾಕುವ ಈ ಮನೆಯಲ್ಲಿ ಜಾಗ ಕೇಳಿದಾಗಲೇ, ನಾವು ದಲಿತರು, ಬೌದ್ಧರಾದವರು ಎಂದು ಹೇಳಿಬಿಟ್ಟಿದ್ದೆ. ನಮಗೆ ಉಣ್ಣಲು ಕೊಡುವವರೂ ಎಂಜಲು ತಾಟನ್ನು ನಮ್ಮಿಂದಲೇ ತೊಳೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೇಳಿಸಿಕೊಳ್ಳುವುದೇಕೆ ಎಂದು ನಾನೇ ಎದ್ದಿದ್ದೆ.

"ನಾವು ಯಾರಂತ ಮೊದಲ ಹೇಳೀನಲ್ಲವ್ವ," ಎಂದೆ.

"ಕೇಳೀನ್ರಿ, ಕಿವಿ ಚೊಲೋ ಅದಾವ ನನಗ. ಕುಂದರ್ರಿ, ಇನ್ನೊಂದು ರೊಟ್ಟಿ ಹಂಚಿನ ಮ್ಯಾಲ ಐತಿ."

ಅಲ್ಲಿಯವರೆಗೂ ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದ ಚೀಲವನ್ನು ಮೊಮ್ಮಗಳು ಎದ್ದು ಹೋಗಿ ಒಳಗೆ ತಂದಳು.

ಒಂದು ತಾಟಿನಿಂದ ಊರು ಬದಲಾಯಿತು ಅನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ಮರುದಿನ ಮುಂಜಾನೆ ಹೊಟ್ಟೆ ತುಂಬ ಉಂಡು, ತಾಟನ್ನು ಅಲ್ಲೇ ಬಿಟ್ಟು, ಹಕ್ಕಿ ನೋಡಲು ಹೋದೆ.