ಬೆಕ್ಕು ಹೋದ ಮೇಲೂ

ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿದವನು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ಹಾಕಿದವಳು ಅವ್ವನೇ ಇರಬಹುದು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆನೇನೋ. ನಲವತ್ತೇಳರ ಕೊನೆಯೋ ನಲವತ್ತೆಂಟರ ಮೊದಲೋ ಅದೂ ಖಚಿತವಿಲ್ಲ. ತೊಗರಿ ರಾಶಿಯಾಗಿ ಚೀಲಗಳು ಮನೆ ಸೇರಿದ್ದವು, ಅಷ್ಟು ನೆನಪು.

ಹೆಂಡತಿ ನಲವತ್ತೇಳರ ಬೇಸಿಗೆಯಲ್ಲಿ ಮದುವೆಯಾಗಿ ಜೇವರ್ಗಿಯಿಂದ ಆಳಂದದ ನಮ್ಮ ಮನೆಗೆ ಬಂದಿದ್ದಳು. ತಿಂಗಳಾಗುವುದರೊಳಗೆ ಮೂಗು ಸೋರಿ, ಕಣ್ಣು ಕೆಂಪಾಗಿ, ಎದೆಯಲ್ಲಿ ಸಣ್ಣ ಸೀಟಿ ಊದಿದಂಥ ಸದ್ದು ಶುರುವಾಯಿತು. ದಮ್ಮು ಎಂದರು ಊರವರು. ದೀಪಾವಳಿಗೆ ತವರಿಗೆ ಹೋದವಳು ಎರಡು ವಾರದಲ್ಲಿ ನೆಟ್ಟಗಾದಳು. ಅವಳ ತಾಯಿ ಹೇಳಿಕಳಿಸಿದರು: "ನಿಮ್ಮ ಮನಿ ಗಾಳಿ ನೆಟ್ಟಗ ಮಾಡ್ರಿ, ಮಗಳನ್ನ ಕಳಸ್ತೀನಿ."

ಐದು ತಿಂಗಳು ಒಂದೇ ಸೂರಿನಡಿ ಇದ್ದೂ ಅವಳ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದು ಕಡಿಮೆ. ಇನ್ನೇನು ಮಾತು ಹತ್ತಿತು ಅನ್ನುವಾಗ ಹೋಗಿಬಿಟ್ಟಿದ್ದಳು.

ನಾನು ಹೈದರಾಬಾದಿನಲ್ಲಿ ವಿಜ್ಞಾನ ಓದಿ ಬಂದು ಕೆಲಸವಿಲ್ಲದೆ ಕುಳಿತಿದ್ದೆ. ಸೊಸೆಗೆ ದೃಷ್ಟಿ ತಾಗಿದೆ ಅನ್ನುವುದು ಅವ್ವನ ವಾದ. ನನ್ನ ಗುಮಾನಿ ಬೆಕ್ಕಿನ ಮೇಲೆ. ಹೊಲದ ಕಣದಲ್ಲಿ ಅಷ್ಟೊಂದು ಧೂಳಿದ್ದರೂ ಅವಳು ಚೆನ್ನಾಗಿ ಉಸಿರಾಡುತ್ತಿದ್ದಳು. ಅಲ್ಲಿ ಇಲ್ಲದ್ದು ಬೆಕ್ಕೊಂದೇ.

"ಬೆಕ್ಕ ಹೋದ್ರ ಇಲಿ ಯಾರು ಹಿಡೀಬೇಕು? ನೀ ಹಿಡೀತಿಯೇನಲೇ?" ಎಂದಳು ಅವ್ವ.

"ಹಿಡೀತೀನಿ."

"ಹೌದ್ ಬಿಡು. ಅದಕ್ಕೇ ನಾಕ್ ವರ್ಷ ಹೈದರಾಬಾದಿನಾಗ ಓದಿದಿ."

ಅಂತೂ ಬೆಕ್ಕು ಅತನೂರಿನ ಅಕ್ಕನ ಮನೆಗೆ ಹೋಯಿತು. ಆಮೇಲೆ ಹದಿನೈದು ದಿನ ಮನೆಯ ಗಾಳಿಯದೇ ಕೆಲಸ. ಬೆಳಕಿಂಡಿಗೆ ಅಡ್ಡವಿದ್ದ ಚೀಲಗಳನ್ನು ಸರಿಸಿದೆ. ನೀರು ಚಿಮುಕಿಸದೆ ಕಸ ಗುಡಿಸಬಾರದೆಂದೆ. ಸಂಜೆಯ ಲೋಬಾನದ ಹೊಗೆ ನಿಲ್ಲಿಸಿದೆ. ಗೋಡೆಗಳಿಗೆ ಸುಣ್ಣ ಬಳಿದೆ, ಹಾಸಿಗೆ ಬಟ್ಟೆಯನ್ನೆಲ್ಲ ಕುದಿಸಿ ಒಗೆದೆವು. "ಗುಡೀನೂ ಇಷ್ಟು ಸ್ವಚ್ಛ ಇರಂಗಿಲ್ಲೋ ತಮ್ಮಾ, ಇನ್ನ ನಾ ಎಲ್ಲಿ ಕುಂದರ್ಲಿ?" ಎಂದು ಅವ್ವ ಅಂಗಳದಲ್ಲೇ ಕುಳಿತು ಅಣಕಿಸುತ್ತಿದ್ದಳು.

ಒಗೆಯದೆ ಉಳಿದದ್ದು ಒಂದೇ, ಕೌದಿ. ಸೊಸೆ ಮರಳಿ ಬಂದಾಗ ಕೊಡಲೆಂದು ಅಜ್ಜಿಯ ಹಳೇ ಸೀರೆಗಳ ತುಂಡು ಜೋಡಿಸಿ ದೀಪಾವಳಿಯಿಂದ ಅವ್ವ ಹೊಲಿದಿದ್ದಳು. ಸೊಸೆಗೆ ಹೊಲಿದ ಕೌದಿಯ ಮೇಲೆ ಚೊಚ್ಚಲ ಕೂಸು ಮಲಗುವ ತನಕ ಅದಕ್ಕೆ ನೀರು ಮುಟ್ಟಿಸಬಾರದು. ಅದು ನಮ್ಮ ಮನೆಯ ಪದ್ಧತಿ. ಎಲ್ಲದಕ್ಕೂ ಯಾಕೆ ಎಂದು ಕೇಳುವ ನಾನು ಇದಕ್ಕೆ ಕೇಳಲಿಲ್ಲ. ಲೋಬಾನ ಬಿಡಿಸಿದ್ದೆ, ಬೆಕ್ಕು ಬಿಡಿಸಿದ್ದೆ. ಇದೊಂದು ಇರಲಿ ಅಂದುಕೊಂಡೆ. ಅವ್ವ ಹೊಲಿಯುವಾಗ ಬೆಕ್ಕು ದಿನವಿಡೀ ಆ ಬಟ್ಟೆಯ ಮೇಲೆ ಮಲಗಿ ಮೈ ನೆಕ್ಕಿಕೊಳ್ಳುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಆಗಲೇ ಕಂಡಿದ್ದೆನೋ, ಆಮೇಲೆ ನಾನೇ ಕಟ್ಟಿಕೊಂಡ ಚಿತ್ರವೋ, ಹೇಳಲಾರೆ.

ಅವಳು ಬಂದಳು. ಒಳಗೆ ಬಂದವಳೇ ಸುತ್ತ ನೋಡಿ, "ಬೆಕ್ಕಿಲ್ಲದ ಮನಿ ಭಣಭಣ ಅನಸ್ತದ್ರಿ," ಎಂದಳು.

"ಉಸಿರು ಹ್ಯಾಂಗದ?"

"ನೀವು ಹಿಂಗ ಮಾರಿ ನೋಡ್ಕೋತ ಕುಂತ್ರ ಇದ್ದ ಉಸಿರೂ ನಿಲ್ತದ್ರಿ."

ಹಾಗೆಂದು ನಕ್ಕಳು. ಆ ನಗುವನ್ನು ಮಾತ್ರ ನಾನು ಯಾವತ್ತೂ ಅನುಮಾನಿಸಿಲ್ಲ.

ಮೂರನೆಯ ಬೆಳಿಗ್ಗೆ ಕೌದಿ ಹೊದ್ದುಕೊಂಡೇ ಎದ್ದುಬಂದು ಹೊಸ್ತಿಲ ಮೇಲೆ ಕುಳಿತಳು. ಮೊಣಕಾಲ ಮೇಲೆ ಕೈಯೂರಿ ಉಸಿರು ಎಳೆಯುತ್ತಿದ್ದಳು. ಎದೆಯಲ್ಲಿ ಮತ್ತದೇ ಸೀಟಿ. ಅವ್ವ ಬಿಸಿನೀರು ತಂದುಕೊಟ್ಟು ನನ್ನ ಕಡೆ ತಿರುಗಿದಳು. "ನೋಡಪಾ, ಬೆಕ್ಕ ಹೋತು, ದಮ್ಮು ಹೋಗ್ಲಿಲ್ಲ. ಪಾಪದ ಜೀವಕ್ಕ ಸುಳ್ಳೇ ದೂರಿದಿ."

ಪರೀಕ್ಷೆಯ ಫಲ ಊಹೆಗೆ ವಿರುದ್ಧವಾದರೆ ಊಹೆಯನ್ನು ಬಿಡಬೇಕು ಎಂದು ಕಲಿತವನು ನಾನು. ಬಿಟ್ಟೆ. ಓದದ ಮನುಷ್ಯನಾಗಿದ್ದರೆ ಹಟ ಹಿಡಿದು ಇನ್ನಷ್ಟು ದಿನ ಕಾಯುತ್ತಿದ್ದೆನೇನೋ.

ಅವಳು ಮತ್ತೆ ಜೇವರ್ಗಿಗೆ ಹೊರಟಳು. "ಥಂಡಿ ಅದ, ಹೊದ್ಕೋ ಯವ್ವಾ," ಎಂದು ಅವ್ವ ಅಕ್ಕರೆಯಿಂದ ಕೌದಿಯನ್ನು ಗಂಟಿಗೆ ಸೇರಿಸಿದಳು. ಈ ಸಲ ತವರಿನಲ್ಲೂ ದಮ್ಮು ಇಳಿಯಲಿಲ್ಲವೆಂಬ ಸುದ್ದಿ ಬಂತು. ಹಾಗಾದರೆ ದೋಷ ಮನೆಯದಲ್ಲ, ಹುಡುಗಿಯದೇ ಎಂದು ಜನ ಆಡಿಕೊಂಡರು. ಅಷ್ಟರಲ್ಲಿ ಹೈದರಾಬಾದ್ ಸಂಸ್ಥಾನದ ವಿಲೀನದ ಗದ್ದಲ ಹೆಚ್ಚಿ ದಾರಿಗಳು ಕೆಟ್ಟವು, ಬಸ್ಸು ನಿಂತವು. ಬೇಸಿಗೆ ಹೋಯಿತು, ಮಳೆಗಾಲವೂ ಹೋಗುತ್ತಾ ಬಂತು. ಬೆಳಕಿಂಡಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಆ ಸೀಟಿಯ ಸದ್ದಾದರೂ ಮನೆಯಲ್ಲಿ ಕೇಳಿಸಬಾರದೇ ಅನಿಸುತ್ತಿತ್ತು.

ಗದ್ದಲ ಮುಗಿದ ಮೇಲೆ ಅಫಜಲಪುರದಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಬಾಡಿಗೆ ಕೋಣೆಗೆ ಅವಳು ಬಂದಳು, ಗುಣವಾಗಿ. ನಮ್ಮ ಪದ್ಧತಿ ಗೊತ್ತಿಲ್ಲದ ಅವಳ ತಾಯಿ ಆ ಮಳೆಗಾಲದಲ್ಲಿ ಕೌದಿಯನ್ನು ಕುದಿಸಿ ಒಗೆದಿದ್ದರಂತೆ. ದಮ್ಮು ಇಳಿದದ್ದು ಒಗೆದ ಮೇಲೋ ಮೊದಲೋ ಎಂದು ನಾವಿಬ್ಬರೂ ವರ್ಷಗಟ್ಟಲೆ ವಾದ ಮಾಡಿದ್ದೇವೆ. ಈಗ ವಾದಕ್ಕೆ ಅವಳಿಲ್ಲ.

ಒಂದನ್ನು ಮಾತ್ರ ಪುಸ್ತಕ ನೋಡಿ, ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಉಸಿರು ಕಟ್ಟಿಸುವುದು ಬೆಕ್ಕಿನ ಕೂದಲಲ್ಲ, ಅದರ ಜೊಲ್ಲು ಮತ್ತು ಚರ್ಮದ ಹೊಟ್ಟು. ಬೆಕ್ಕು ಹೋದ ಮೇಲೂ ಅದು ಒಗೆಯದ ಬಟ್ಟೆಯಲ್ಲಿ, ಮನೆಯ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.