ಮನೆಯಲ್ಲೇ ಇದ್ದು ಕೆಲಸಕ್ಕೆ ಹೋದವಳು

ಅಂಗಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಗೆರೆ ಎಳೆದು, ಯಂತ್ರದ ಅಲಗಿನಿಂದ ಒಮ್ಮೆಗೇ ಕತ್ತರಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ತೋಳಿನ ನಮೂನೆಯನ್ನು ಒಮ್ಮೆ ಹಾಗೆಯೇ ಇಟ್ಟು ಗೆರೆ ಎಳೆಯಬೇಕು, ಇನ್ನೊಮ್ಮೆ ಮಗುಚಿಟ್ಟು ಎಳೆಯಬೇಕು. ಆಗ ಎಡಗೈಗೂ ಬಲಗೈಗೂ ತೋಳು ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆ ಮಂಗಳವಾರ ಅವಳು ಕಣ್ಣು ತೆರೆದುಕೊಂಡೇ ಮಗುಚುವುದನ್ನು ಮರೆತಳು. ಇನ್ನೂರು ತೋಳು, ಇನ್ನೂರೂ ಎಡಗೈಯವು.

ಹೊಲಿಗೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮಾಸ್ಟರ್ ನಗಲಿಲ್ಲ. ತಿಂಗಳಲ್ಲಿ ಇದು ಎರಡನೆಯ ಸಲ. ಇನ್ನೊಂದಾದರೆ ಅವಳನ್ನು ಮೇಜಿನಿಂದ ಎಬ್ಬಿಸಿ ನೂಲಿನ ತುದಿ ಕತ್ತರಿಸುವ ಮೂಲೆಗೆ ಕೂರಿಸುತ್ತಾರೆ, ಅದನ್ನು ತಡೆಯುವುದು ತನ್ನಿಂದಾಗದು ಎಂದರು.

"ಕೈ ಕೆಟ್ಟಿಲ್ಲಮ್ಮ, ತಲೆ ದಣಿದಿದೆ. ನಾಲ್ಕು ದಿನ ಮಲಗಿದ್ದು ಬಾ."

ಗಂಡನ ಆಪರೇಷನ್, ಅತ್ತೆಯ ಕಣ್ಣು, ಮಗಳ ಜ್ವರ. ಅವಳ ರಜೆಗಳೆಲ್ಲ ಅವುಗಳಿಗೇ ಹೋಗಿದ್ದವು. ಯಾರಿಗೂ ಕಾಯಿಲೆಯಿಲ್ಲದಿರುವಾಗ ಅರ್ಜಿ ಹಾಕುತ್ತಿರುವುದು ಇದೇ ಮೊದಲು. ಕಾರಣ ಬರೆಯುವಲ್ಲಿ ತುಸು ಹೊತ್ತು ಯೋಚಿಸಿ 'ಸುಸ್ತು' ಎಂದು ಬರೆದಳು.

ರಜೆಯ ಸುದ್ದಿ ಕೇಳಿ ಮನೆಯವರ ಮುಖ ಅರಳಿತು. ಮನೆಯ ಕೆಳಗೇ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಂಡ, ಅಟ್ಟದ ಧೂಳಿಗೆ ಕೊನೆಗೂ ಗತಿ ಕಾಣಿಸಬಹುದು ಎಂದ. ಮಗಳಿಗೆ ಬೀರು ಜೋಡಿಸಿಕೊಡಬೇಕಿತ್ತು. ಹೊದಿಕೆಗಳನ್ನೆಲ್ಲ ಒಗೆದುಬಿಡೋಣ ಎಂದರು ಅತ್ತೆ. ಒಗೆಯುವ ಕೈ ಯಾವುದೆಂದು ಯಾರೂ ಕೇಳಲಿಲ್ಲ.

ಮೊದಲ ದಿನವೇ ಎಲ್ಲವನ್ನೂ ಮುಗಿಸಿದಳು. ಸಂಜೆ ಒಣಗಿದ ಹೊದಿಕೆ ಮಡಿಸಲು ನಿಂತರೆ ಯಾವ ಮೂಲೆಗೆ ಯಾವ ಮೂಲೆ ಸೇರಿಸಬೇಕೆಂದೇ ತೋಚದು. ಈ ಕೈಯಲ್ಲಿ ಸೋಮವಾರ ಅಲಗು ಹಿಡಿಯುವುದೇ? ಅವಳು ಹಾಗೆ ನಿಂತಿದ್ದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಮರುದಿನ ಅವಳು ಎಂದಿನಂತೆ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಚೀಲ ಹೆಗಲಿಗೇರಿಸಿಕೊಂಡು ಹಿಂದಿನ ಸಣ್ಣ ಕೋಣೆಯ ಹೊಸ್ತಿಲಲ್ಲಿ ನಿಂತಳು.

"ನಾನು ಕೆಲಸಕ್ಕೆ ಹೋಗ್ತಿದೀನಿ. ಆರು ಗಂಟೆಗೆ ಬರ್ತೀನಿ."

ಗಂಡ ನಕ್ಕ. ಒಳಗಿನಿಂದ ಚಿಲಕ ಬಿದ್ದ ಸದ್ದಿಗೆ ನಗು ನಿಂತಿತು. ಮಧ್ಯಾಹ್ನ ಊಟಕ್ಕೆ ಮೇಲೆ ಬಂದು ನೋಡಿದರೆ ಒಲೆಯೇ ಹೊತ್ತಿಲ್ಲ. ಬಾಗಿಲು ತಟ್ಟಲು ಹೋದ. ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದ ಅತ್ತೆ ತಲೆಯೆತ್ತಿದರು.

"ಅವಳು ಕೆಲಸಕ್ಕೆ ಹೋಗಿದಾಳೆ ಕಣೋ."

"ಅಮ್ಮ, ಒಳಗೇ ಇದಾಳಲ್ಲ."

"ಇರಬಹುದು. ಗಡಿಯಾರದ ಹೊಟ್ಟೆ ಬಿಚ್ಚಿ ಜೋಡಿಸ್ತೀಯ, ಅಕ್ಕಿ ತೊಳೆಯೋಕೆ ಬರಲ್ವಾ?"

ಒಳಗೆ ಅವಳಿಗೆ ನಿದ್ದೆಯಿರಲಿಲ್ಲ. ಪಾತ್ರೆ ಬಿದ್ದ ಸದ್ದಾಯಿತು, ಸೀದ ವಾಸನೆ ಬಂತು. ಎರಡು ಸಲ ಕಾಲು ನೆಲಕ್ಕಿಳಿಯಿತು, ಎರಡು ಸಲವೂ ಅವಳು ಎತ್ತಿಕೊಂಡಳು. ಆಮೇಲೆ ಯಾವಾಗಲೋ ಕಣ್ಣು ಹತ್ತಿತು. ಶುಕ್ರವಾರ ಮಗಳೂ ಅಡುಗೆಮನೆಗೆ ಹೊಕ್ಕಳು. ಶನಿವಾರ ಕೋಣೆಯೊಳಗೆ ಅವಳಿಗೆ ಎಷ್ಟೋ ವರ್ಷಗಳ ನಂತರ ಹಸಿವಾಗಿ ಎಚ್ಚರವಾಯಿತು.

ಸೋಮವಾರ ಗೆರೆ ಎಳೆದಳು, ಮಗುಚಿದಳು, ಮತ್ತೆ ಎಳೆದಳು. ಮಾಸ್ಟರ್ ಎರಡು ತೋಳು ಎತ್ತಿ ಎದುರುಬದುರು ಹಿಡಿದು ನೋಡಿ, ಮುಂದಿನ ಮೇಜಿಗೆ ನಡೆದರು.

ಮುಂದಿನ ಭಾನುವಾರ ತಿಂಡಿಯಾದ ಮೇಲೆ ಅತ್ತೆ ಅವಳ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಆ ರೂಮು ಇವತ್ತು ಖಾಲಿ ಇದೆಯೇನೇ?"

ಅತ್ತೆಯದು ಹದಿನಾಲ್ಕನೆಯ ವಯಸ್ಸಿನಿಂದ ಮನೆಯಲ್ಲೇ ದುಡಿದ ಜೀವ. ಕಾರ್ಖಾನೆಯಲ್ಲ, ಹಾಗಾಗಿ ಅರ್ಜಿಯೂ ಇಲ್ಲ, ರಜೆಯೂ ಇಲ್ಲ. ಅವಳು ತಾನೇ ದಿಂಬು ಕೊಡವಿ ಹಾಕಿ ಬಂದಳು. ಅರ್ಧ ಗಂಟೆಯಲ್ಲಿ ಬಾಗಿಲು ತುಸುವೇ ತೆರೆಯಿತು.

"ನಿದ್ದೆ ಬರ್ತಿಲ್ಲ ಕಣೇ. ಬೆಳ್ಳುಳ್ಳಿನಾದ್ರೂ ಕೊಡು, ಬಿಡಿಸ್ತೀನಿ."

"ಮೊದಲ ದಿನ ಹಾಗೇ ಆಗೋದು ಅತ್ತೆ. ಸುಮ್ನೆ ಮಲ್ಕೊಂಡಿರಿ, ಅದಾಗೇ ಬರುತ್ತೆ."

ಹಾಗೆಂದು ಅವಳು ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಎಳೆದಳು.