ಕಚ್ಚಿದ್ದು ಒಂದೇ ಕಣಜ

ಇವತ್ತು ಬೆಳಿಗ್ಗೆ ತೀರ್ಥಹಳ್ಳಿ ಕಡೆಯವರಿಬ್ಬರು ಬಂದು, ನಮ್ಮ ಹಿತ್ತಲಿನ ಗೂಡಿನಿಂದ ಕಣಜದ ಹುಳಗಳನ್ನು ಜೀವಂತ ಹಿಡಿದು ಬಾಟಲಿಗೆ ತುಂಬಿಕೊಂಡರು. ಔಷಧಿಗಂತೆ. ಬಾಟಲಿಯೊಳಗಿನ ಗುಂಯ್ ಸದ್ದು ನಾನು ನಿಂತಿದ್ದ ಕಿಟಕಿಯವರೆಗೂ ಕೇಳಿತು. ತಂಗಿ ಸುಧಾ ನೆನಪಾದಳು.

ನಾವು ಚಿಕ್ಕವರಿದ್ದಾಗ ಒಂದು ದಿನ ಇಬ್ಬರೂ ಪೇರಲೆ ಕೊಯ್ಯುತ್ತಿದ್ದೆವು. ಕೊಂಬೆ ಅಲುಗಿ ಕಣಜಗಳು ಎದ್ದವು. ನನಗೆ ಐದು ಕಚ್ಚಿದವು, ಅವಳಿಗೆ ಕಿವಿಯ ಹತ್ತಿರ ಒಂದೇ. ಅಮ್ಮ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಇಬ್ಬರಿಗೂ ಹಚ್ಚಿದಳು. ಯಾರಿಗೆ ಕಚ್ಚಿದರೂ ನಮ್ಮಲ್ಲಿ ಅದೇ ಮದ್ದು. ಸುಧಾಳ ತುಟಿ ಊದಿತು. "ಮಂಗನ ಮೂತಿ!" ಎಂದು ನಾನು ನಕ್ಕೆ. ಅವಳೂ ನಗಲು ನೋಡಿದಳು.

"ಅಮ್ಮಾ, ಉಸ್ರು ಕಟ್ತದೆ" ಅಂದಳು.

"ಅಕ್ಕಂಗೆ ಐದು ಕಚ್ಚಿದಾವೆ, ಸುಮ್ನಿದಾಳೆ. ನಿಂಗೆ ಒಂದಕ್ಕೇ ಇಷ್ಟು ನಾಟ್ಕನಾ? ಹೋಗು, ಮಲ್ಕ" ಅಂದಳು ಅಮ್ಮ.

ಸುಧಾ ಚಾಪೆಯ ಮೇಲೆ ಮಲಗಿದಳು. ಊಟಕ್ಕೆ ಕರೆದಾಗ ಏಳಲಿಲ್ಲ. ಕಿವಿಗೆ ಹಚ್ಚಿದ ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಆಮೇಲೆ ಅಮ್ಮ ಕಣಜದ ಗೂಡು ಕಂಡಲ್ಲೆಲ್ಲ ತೆಂಗಿನ ಗರಿ ಹೊತ್ತಿಸಿ ಸುಡುತ್ತಿದ್ದಳು. ಇವತ್ತಿನ ಗೂಡಿಗೂ ಗರಿ ಒಣಗಿಸಿಟ್ಟಿದ್ದಳು.

"ಇದ್ರಲ್ಲಿ ಎಂತ ಔಷಧಿ ಮಾಡ್ತಾರೆ?" ಎಂದು ಬಂದವರನ್ನು ಕೇಳಿದಳು.

"ಕೆಲವ್ರಿಗೆ ಒಂದು ಹುಳ ಕಚ್ಚಿದ್ರೂ ಉಸ್ರು ಕಟ್ತದಲ್ಲ ಅಮ್ಮಾ, ಅಂಥೋರಿಗೆ ಈ ಹುಳದ ವಿಷದಿಂದ್ಲೇ ಮದ್ದು ಮಾಡ್ತಾರೆ."

"ಒಂದಕ್ಕೇ ಹಂಗಾಗೋರು ಇದಾರಾ?"

"ಇದಾರೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಕೊಟ್ಟಿಗೆ ಹಿಂದೆ ಇನ್ನೊಂದು ಗೂಡಿದೆ, ಬನ್ನಿ ತೋರಿಸ್ತೀನಿ" ಎಂದು ಮುಂದೆ ನಡೆದಳು.